ಕರ್ನೆಲ್ ಅಪ್‌ಗ್ರೇಡ್: ಹೊಸದನ್ನು ಹಾಕುವ, ಬೇಕಾದರೆ ಹಳೆಯದಕ್ಕೆ ಮರಳುವ ಕ್ರಮ

ಧಾರವಾಡದ ಕಾಲೇಜು ಲ್ಯಾಬ್‌ಗಳಲ್ಲಿ, ಗದುಗಿನ ಮುದ್ರಣಾಲಯಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಹಾಕಿಸಿಕೊಂಡು ವರ್ಷಗಟ್ಟಲೆ ಕೆಲಸ ತೆಗೆಯುತ್ತಿರುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಅದನ್ನೇ ಉದ್ಯೋಗ ಮಾಡಿಕೊಂಡವರಲ್ಲ. ಲ್ಯಾಬ್ ಸಹಾಯಕರು, ಲೆಕ್ಕ ಬರೆಯುವ ಗುಮಾಸ್ತರು, ಇಲ್ಲವೇ ಹುಬ್ಬಳ್ಳಿಯಿಂದ ಆಗೀಗ ಬಂದು ಹೋಗುವ ನನ್ನಂಥವರು ಈ ಕೆಲಸ ಮಾಡುತ್ತಾರೆ. ಈ ಮಾರ್ಗದರ್ಶಿ ಅಂಥವರಿಗಾಗಿ. ಕಮಾಂಡುಗಳನ್ನು ಇಲ್ಲಿ ಓದುವ ಉಚ್ಚಾರದಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಇಡೀ ವ್ಯವಸ್ಥೆಯನ್ನು ನಡೆಸುವ ತಿರುಳೇ ಕರ್ನೆಲ್. ಲಿನಕ್ಸ್‌ನಲ್ಲಿ ಹೊಸ ಕರ್ನೆಲ್ ಹಳೆಯದರ ಮೇಲೆ ಬಂದು ಕೂರುವುದಿಲ್ಲ. ಅದು ತನ್ನದೇ ಆವೃತ್ತಿಯ ಹೆಸರು ಹೊತ್ತ ಕಡತವಾಗಿ ‘/ಬೂಟ್’ ಫೋಲ್ಡರಿನಲ್ಲಿ ಹಳೆಯದರ ಪಕ್ಕಕ್ಕೆ ಸೇರುತ್ತದೆ, ಅದರ ಮಾಡ್ಯೂಲುಗಳು (ಬೇಕಾದಾಗ ಸೇರಿಸಿಕೊಳ್ಳುವ ಡ್ರೈವರಿನಂಥ ತುಣುಕುಗಳು) ‘/ಲಿಬ್/ಮಾಡ್ಯೂಲ್ಸ್’ ಒಳಗೆ ಬೇರೆ ಫೋಲ್ಡರಿನಲ್ಲಿ ಇಳಿಯುತ್ತವೆ, ಯಂತ್ರ ಶುರುವಾಗುವಾಗ ಯಾವ ಕರ್ನೆಲ್ಲನ್ನು ಏಳಿಸಬೇಕೆಂಬುದನ್ನು ಗ್ರಬ್ ಎಂಬ ಬೂಟ್ ಲೋಡರ್ ನಿರ್ಧರಿಸುತ್ತದೆ. ಹೊಸ ಎತ್ತು ನೊಗಕ್ಕೆ ಪಳಗುವ ತನಕ ಹಳೆಯ ಎತ್ತನ್ನು ಸಂತೆಗೆ ಹೊಡೆಯದ ರೈತನ ಎಚ್ಚರ ಇಲ್ಲಿ ಸಾಕು. ಅಪ್‌ಗ್ರೇಡ್ ಮಾಡುವ ಕಮಾಂಡ್ ಎರಡು ಸಾಲಿನದು. ಉಳಿದ ಕೆಲಸವೆಲ್ಲ ಹಳೆಯ ಕರ್ನೆಲ್ಲಿಗೆ ಮರಳುವ ದಾರಿ ತೆರೆದಿದೆಯೇ ಎಂದು ಮೊದಲೇ ನೋಡಿಕೊಳ್ಳುವುದಕ್ಕೆ ಸೇರಿದ್ದು, ಈ ಲೇಖನದ ಬಹುಪಾಲೂ ಅದರ ಬಗ್ಗೆಯೇ ಇದೆ.

ಅಪ್‌ಗ್ರೇಡ್ ಬೇಕೇ, ಬೇಡವೇ

ಆವೃತ್ತಿ ಸಂಖ್ಯೆ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಕರ್ನೆಲ್ ಬದಲಿಸಬೇಕಾಗಿಲ್ಲ. ಲಿನಕ್ಸ್ ಕರ್ನೆಲ್ಲಿನ ಹೊಸ ಆವೃತ್ತಿ ಸುಮಾರು ಒಂಬತ್ತು–ಹತ್ತು ವಾರಗಳಿಗೊಮ್ಮೆ ಬರುತ್ತದೆ. ಮೊದಲ ಅಂಕಿ ಬದಲಾದಾಗ ದೊಡ್ಡ ಬದಲಾವಣೆ ಆಗಿದೆ ಎಂಬ ನಂಬಿಕೆಗೂ ಆಧಾರವಿಲ್ಲ. 4.20 ಆದ ಮೇಲೆ 2019ರ ಮಾರ್ಚ್‌ನಲ್ಲಿ 5.0, 5.19 ಆದ ಮೇಲೆ 2022ರ ಅಕ್ಟೋಬರ್‌ನಲ್ಲಿ 6.0 ಬಂದದ್ದು, ಎರಡನೆಯ ಅಂಕಿ ಬಹಳ ಬೆಳೆಯಿತೆಂದು ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಎಣಿಕೆಯನ್ನು ಹೊಸದಾಗಿ ಆರಂಭಿಸಿದ್ದರಿಂದ. ಇವುಗಳಲ್ಲಿ 5.15, 6.1, 6.6, 6.12ರಂಥ ಕೆಲವನ್ನು ಆರಿಸಿ ವರ್ಷಗಳ ಕಾಲ ದೋಷ ಸರಿಪಡಿಸುತ್ತ ಬರುತ್ತಾರೆ. ಡೆಬಿಯನ್ 12 ಆರಿಸಿಕೊಂಡದ್ದು 6.1, ಡೆಬಿಯನ್ 13 ಆರಿಸಿಕೊಂಡದ್ದು 6.12. ಉಬುಂಟು 24.04 ತನ್ನ 6.8ನ್ನು ತಾನೇ ನೋಡಿಕೊಳ್ಳುತ್ತದೆ. ಸಂಖ್ಯೆ ಹಳೆಯದಾಗಿ ಕಂಡರೂ ಭದ್ರತಾ ತಿದ್ದುಪಡಿಗಳು ಇವುಗಳೊಳಗೆ ಬಂದು ಸೇರುತ್ತಲೇ ಇರುತ್ತವೆ, ಆದ್ದರಿಂದ ಡೆಬಿಯನ್ 12ರ ಯಂತ್ರದಲ್ಲಿ 6.1 ಕಂಡ ಮಾತ್ರಕ್ಕೆ ಅದು ಹಿಂದೆ ಬಿದ್ದಿದೆ ಎಂದು ತಿಳಿಯಬೇಕಿಲ್ಲ.

ಬದಲಿಸಲು ಸರಿಯಾದ ಕಾರಣ ಮೂರೇ. ಮೊದಲನೆಯದು ನಿಮ್ಮ ವಿತರಣೆಯೇ ಕಳುಹಿಸುವ ಭದ್ರತಾ ತಿದ್ದುಪಡಿ, ಇದನ್ನು ಮುಂದೂಡಬಾರದು. ಎರಡನೆಯದು ಹೊಸ ಯಂತ್ರಾಂಶ: ಹೊಸದಾಗಿ ಕೊಂಡ ಲ್ಯಾಪ್‌ಟಾಪಿನ ವೈಫೈ ಅಥವಾ ಗ್ರಾಫಿಕ್ಸ್ ಹಳೆಯ ಕರ್ನೆಲ್ಲಿಗೆ ಗೊತ್ತೇ ಇರದಿದ್ದರೆ ಹೊಸದು ಬೇಕೇ ಬೇಕು. ಮೂರನೆಯದು ನಿಮ್ಮನ್ನು ಕಾಡುತ್ತಿರುವ ನಿರ್ದಿಷ್ಟ ದೋಷವೊಂದು ಹೊಸ ಆವೃತ್ತಿಯಲ್ಲಿ ಸರಿಹೋಗಿರುವುದು. ಕನ್ನಡ ಟೈಪಿಂಗ್ ಸರಿಯಾಗುತ್ತಿಲ್ಲ, ಒತ್ತಕ್ಷರ ಒಡೆದು ಕಾಣುತ್ತದೆ, ಕಚೇರಿ ಕಡತ ತೆರೆಯುತ್ತಿಲ್ಲ ಎಂಬ ದೂರುಗಳಿಗೆ ಕರ್ನೆಲ್ ಮದ್ದಲ್ಲ. ಅವು ಐಬಸ್ ಎಂಬ ಟೈಪಿಂಗ್ ತಂತ್ರಾಂಶ, ಫಾಂಟ್, ಲಿಬ್ರೆ ಆಫೀಸ್‌ಗಳ ಮಟ್ಟದ ಸಂಗತಿಗಳು, ಕರ್ನೆಲ್ ಬದಲಿಸಿದರೆ ಅವು ಸುಧಾರಿಸುವುದೂ ಇಲ್ಲ, ಕೆಡುವುದೂ ಇಲ್ಲ. ಲ್ಯಾಬ್‌ಗಳಲ್ಲಿ ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದೇ ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಉಬುಂಟು ಭದ್ರತಾ ತಿದ್ದುಪಡಿಗಳನ್ನು ತಾನಾಗಿಯೇ ಇಳಿಸಿ ಹಾಕಿಕೊಳ್ಳುತ್ತದೆ, ಆದರೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಹೀಗಾಗಿ ಹೊಸ ಕರ್ನೆಲ್ ಡಿಸ್ಕಿನಲ್ಲಿ ಬಂದು ಕುಳಿತಿದ್ದರೂ ಯಂತ್ರ ತಿಂಗಳುಗಟ್ಟಲೆ ಹಳೆಯದರಲ್ಲಿಯೇ ಓಡುತ್ತಿರುತ್ತದೆ. ‘/ವಾರ್/ರನ್’ ಒಳಗೆ ‘ರೀಬೂಟ್-ರಿಕ್ವೈರ್ಡ್’ ಎಂಬ ಕಡತ ಕಂಡರೆ ಆ ಸ್ಥಿತಿ ಎಂದರ್ಥ. ಅಂಥ ಯಂತ್ರಕ್ಕೆ ಅಪ್‌ಗ್ರೇಡ್ ಆಗಿಹೋಗಿದೆ, ಬಾಕಿ ಇರುವುದು ಎಚ್ಚರದ ರೀಸ್ಟಾರ್ಟ್ ಮಾತ್ರ. ಕೆಳಗಿನ ತಯಾರಿ ಅದಕ್ಕೂ ಅನ್ವಯಿಸುತ್ತದೆ.

ದಿನ, ಹೊತ್ತು, ಕರೆಂಟ್

ಪರೀಕ್ಷೆ ನಡೆಯುವ ವಾರದಲ್ಲಿ ಲ್ಯಾಬ್ ಯಂತ್ರಗಳನ್ನು, ಟೆಂಡರ್ ದಿನದಲ್ಲಿ ಮಾರುಕಟ್ಟೆಯ ಲೆಕ್ಕದ ಯಂತ್ರವನ್ನು ಮುಟ್ಟಬಾರದು. ಮೆಣಸಿನಕಾಯಿ ಆವಕ ಜೋರಾಗಿರುವ ತಿಂಗಳುಗಳಲ್ಲಿ ಅಂಗಡಿಯವರೇ “ಸರ, ಸೀಜನ್ ಮುಗಿಯೂತನಕ ಇದಕ್ಕ ಕೈ ಹಚ್ಚಬ್ಯಾಡ್ರಿ” ಎನ್ನುತ್ತಾರೆ. ಭದ್ರತಾ ತಿದ್ದುಪಡಿಯನ್ನು ಅಷ್ಟು ದಿನ ಬಿಡಲಾಗದಿದ್ದರೂ ಅವರ ಆತಂಕವನ್ನು ಮಾನ್ಯ ಮಾಡಿ, ವ್ಯಾಪಾರ ಮುಗಿದ ಸಂಜೆಯನ್ನು ಆರಿಸಿಕೊಳ್ಳಬಹುದು.

ಕರೆಂಟ್ ವಿಷಯದಲ್ಲಿ ಯುಪಿಎಸ್ ಇದೆ ಎಂಬ ಸಮಾಧಾನ ಸಾಲದು. ಮೂರು ವರ್ಷ ಹಳೆಯ ಬ್ಯಾಟರಿ ಹೊತ್ತ ಯುಪಿಎಸ್, ಕರೆಂಟ್ ಹೋದ ಅರ್ಧ ನಿಮಿಷದಲ್ಲಿ ಕೈ ಬಿಡಬಹುದು. ಮೊದಲು ಯಂತ್ರದಲ್ಲಿ ಮುಖ್ಯ ಕೆಲಸ ಯಾವುದೂ ತೆರೆದಿರದಾಗ ಯುಪಿಎಸ್‌ನ ಪ್ಲಗ್ ತೆಗೆದು ಹತ್ತು ನಿಮಿಷ ತಾಳುತ್ತದೆಯೇ ನೋಡಿ. ಕರ್ನೆಲ್ ಹಾಕುವಾಗ ಸೂಕ್ಷ್ಮವಾದ ಘಳಿಗೆ ಇನಿಟ್‌ರಾಮ್‌ಎಫ್‌ಎಸ್ ತಯಾರಾಗುವ ಹೊತ್ತು. ಮುಖ್ಯ ಡಿಸ್ಕನ್ನು ಹುಡುಕಿ ತೆರೆಯಲು ಬೇಕಾದ ಡ್ರೈವರುಗಳನ್ನೆಲ್ಲ ಒಂದೇ ಕಡತದಲ್ಲಿ ಕಟ್ಟುವ ಕೆಲಸ ಅದು. ನಡುವೆ ಕರೆಂಟ್ ಹೋದರೆ ಆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಆಗ ಹಳೆಯ ಕರ್ನೆಲ್ಲಿನಿಂದ ಯಂತ್ರ ಎಬ್ಬಿಸಿ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂದು ಕೊಟ್ಟರೆ ಉಳಿದ ಕೆಲಸ ಮುಂದುವರಿಯುತ್ತದೆ.

ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು

ಒಂದು ಹಾಳೆ ಮತ್ತು ಪೆನ್ನು ಇಟ್ಟುಕೊಳ್ಳಿ. ಯಂತ್ರ ಏಳದಿದ್ದಾಗ ಅದರೊಳಗೆ ಬರೆದಿಟ್ಟ ಟಿಪ್ಪಣಿ ಕೈಗೆ ಸಿಗುವುದಿಲ್ಲ.

‘ಯುನೇಮ್ -ಆರ್’ ಎಂದು ಕೊಟ್ಟರೆ ಈಗ ಓಡುತ್ತಿರುವ ಕರ್ನೆಲ್ಲಿನ ಹೆಸರು ಬರುತ್ತದೆ. ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಡೆಬಿಯನ್ 12ರಲ್ಲಿ ಇದು 6.1.0 ಎಂದೇ ಆರಂಭವಾಗುವುದರಿಂದ ನಿಜವಾದ ತಿದ್ದುಪಡಿ ಮಟ್ಟ ತಿಳಿಯಲು ‘ಯುನೇಮ್ -ವಿ’ ಕೂಡ ನೋಡಬೇಕು. ಅದು 6.1.76ರಂಥ ಪೂರ್ಣ ಸಂಖ್ಯೆಯನ್ನೂ ದಿನಾಂಕವನ್ನೂ ತೋರಿಸುತ್ತದೆ. ‘ಡಿಕೆಎಂಎಸ್ ಸ್ಟೇಟಸ್’ ಕರ್ನೆಲ್ಲಿನ ಹೊರಗಿನಿಂದ ಬಂದ ಡ್ರೈವರುಗಳನ್ನು ಪಟ್ಟಿ ಮಾಡುತ್ತದೆ. ಆ ಕಮಾಂಡೇ ಇಲ್ಲವೆಂದರೆ ಅಂಥ ಡ್ರೈವರ್ ಬಹುಶಃ ಇಲ್ಲ, ನಿಮ್ಮ ಕೆಲಸ ಅರ್ಧ ಹಗುರಾಯಿತು. ‘ಮಾಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಸೆಕ್ಯೂರ್ ಬೂಟ್, ಅಂದರೆ ಒಪ್ಪಿತ ಸಹಿ ಇರುವುದನ್ನಷ್ಟೇ ಏಳಲು ಬಿಡುವ ಏರ್ಪಾಡು, ಚಾಲೂ ಇದೆಯೇ ಎಂದು ಹೇಳುತ್ತದೆ.

ಆಮೇಲೆ ‘ಡಿಎಫ್ -ಎಚ್ /ಬೂಟ್’. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಉಬುಂಟು ಹಾಕಿದ ಯಂತ್ರಗಳಲ್ಲಿ ‘/ಬೂಟ್’ ಪ್ರತ್ಯೇಕ ಸಣ್ಣ ಪಾರ್ಟಿಷನ್ ಆಗಿರುತ್ತದೆ, ಅದು ತುಂಬಿಹೋಗುವುದು ಕರ್ನೆಲ್ ಅಪ್‌ಗ್ರೇಡ್ ಕೈಕೊಡುವ ಅತಿ ಸಾಮಾನ್ಯ ಕಾರಣಗಳಲ್ಲೊಂದು. ಕರ್ನೆಲ್ ಕಡತ ಹತ್ತು–ಹದಿನೈದು ಎಂಬಿಯದಾದರೂ ಅದರ ಜೊತೆಗಿನ ಇನಿಟ್‌ರಾಮ್‌ಎಫ್‌ಎಸ್ ನೂರು ಎಂಬಿ ದಾಟಬಹುದು. 300 ಎಂಬಿ ಖಾಲಿ ಇದ್ದರೆ ನಿಶ್ಚಿಂತೆ. ಇಲ್ಲವಾದರೆ ‘ಸುಡೊ ಆ್ಯಪ್ಟ್ ಆಟೊರಿಮೂವ್ --ಪರ್ಜ್’ ಕೊಡಿ. ಓಡುತ್ತಿರುವ ಕರ್ನೆಲ್ಲನ್ನೂ ಇತ್ತೀಚಿನದನ್ನೂ ಬಿಟ್ಟು ಬಳಕೆ ತಪ್ಪಿದವನ್ನು ಅದು ತೆಗೆಯುತ್ತದೆ. ಜಾಗ ಮಾಡಲೆಂದು ‘/ಬೂಟ್’ ಒಳಗೆ ಹೋಗಿ ‘ಆರ್‌ಎಂ’ ಬಳಸಿ ಕಡತಗಳನ್ನು ಕೈಯಾರೆ ಅಳಿಸಬೇಡಿ. ಪ್ಯಾಕೇಜ್ ಪಟ್ಟಿಯಲ್ಲಿ ಇದೆ, ಡಿಸ್ಕಿನಲ್ಲಿ ಇಲ್ಲ ಎಂಬ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ಬ್ಯಾಕಪ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಕರ್ನೆಲ್ ಅಪ್‌ಗ್ರೇಡ್ ನಿಮ್ಮ ಕಡತಗಳನ್ನು ಮುಟ್ಟುವುದಿಲ್ಲ ಎಂಬುದು ನಿಜ, ಆದರೆ ಕಡತಗಳನ್ನು ಡಿಸ್ಕಿಗೆ ಬರೆಯುವುದು ಕರ್ನೆಲ್ಲೇ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12ರ ಸ್ಥಿರ ಆವೃತ್ತಿಗೆ ಹೊರಟಿದ್ದ 6.1.64 ಕರ್ನೆಲ್ಲಿನಲ್ಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಂನ ದತ್ತಾಂಶ ಕೆಡಿಸಬಲ್ಲ ದೋಷ ಪತ್ತೆಯಾಗಿ, 12.3ರ ಬಿಡುಗಡೆಯನ್ನೇ ತಡೆದು, ಸರಿಪಡಿಸಿದ ಕರ್ನೆಲ್ ಜೊತೆ 12.4ನ್ನು ಡಿಸೆಂಬರ್ 10ರಂದು ಹೊರತರಬೇಕಾಯಿತು. ಇಂಥದ್ದು ಅಪರೂಪ. ಆದರೂ ವರ್ಷದ ಲೆಕ್ಕದ ಕಡತ ಒಂದೇ ಡಿಸ್ಕಿನಲ್ಲಿದ್ದಾಗ ಅಪರೂಪ ಎಂಬ ಮಾತು ಧೈರ್ಯ ಕೊಡುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನಕಲಿನಿಂದ ಒಂದು ಕಡತ ತೆರೆದು ನೋಡಿ, ಡಿಸ್ಕನ್ನು ಯಂತ್ರದಿಂದ ಬಿಚ್ಚಿಡಿ. ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ತಂತ್ರಾಂಶ ಬಳಸುವವರು ಅದು ತಾನಾಗಿ ಹೋಮ್ ಫೋಲ್ಡರನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದನ್ನು ಮರೆಯಬಾರದು.

ಗ್ರಬ್ ಮೆನು ಕಣ್ಣಿಗೆ ಕಾಣುವಂತೆ ಮಾಡಿ

ಹಳೆಯ ಕರ್ನೆಲ್ ಡಿಸ್ಕಿನಲ್ಲಿ ಇದ್ದರೂ ಅದನ್ನು ಆರಿಸುವ ಮೆನು ಕಾಣದಿದ್ದರೆ ಇದ್ದೂ ಇಲ್ಲದಂತೆ. ಉಬುಂಟು ಒಂದೇ ಇರುವ ಯಂತ್ರದಲ್ಲಿ ಈ ಮೆನು ಸಾಮಾನ್ಯವಾಗಿ ಅಡಗಿರುತ್ತದೆ. ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತವನ್ನು ‘ಸುಡೊ ನ್ಯಾನೊ’ದಿಂದ ತೆರೆದು, ದೊಡ್ಡ ಅಕ್ಷರಗಳಲ್ಲಿರುವ ‘ಗ್ರಬ್_ಟೈಮ್‌ಔಟ್_ಸ್ಟೈಲ್’ ಎಂಬುದರ ಬೆಲೆಯನ್ನು ‘ಮೆನು’ ಎಂದೂ ‘ಗ್ರಬ್_ಟೈಮ್‌ಔಟ್’ ಬೆಲೆಯನ್ನು 10 ಎಂದೂ ಮಾಡಿ, ಉಳಿಸಿ ಹೊರಬಂದು, ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ.

ಈಗ, ಹೊಸ ಕರ್ನೆಲ್ ಹಾಕುವ ಮೊದಲೇ, ಒಮ್ಮೆ ರೀಸ್ಟಾರ್ಟ್ ಮಾಡಿ. ಈ ಹೆಜ್ಜೆಯನ್ನು ಹಲವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ. ಎಂಟು ತಿಂಗಳು ನಿಲ್ಲದೆ ಓಡಿದ ಯಂತ್ರದ ಡಿಸ್ಕ್, ರ‍್ಯಾಮ್ ಅಥವಾ ಪವರ್ ಸಪ್ಲೈಯಲ್ಲಿ ದೋಷವಿದ್ದರೆ ಅದು ಬಯಲಾಗುವುದು ರೀಸ್ಟಾರ್ಟ್ ಮಾಡಿದಾಗ. ಮೊದಲೇ ಮಾಡಿ ನೋಡದಿದ್ದರೆ ಆ ದೋಷವೆಲ್ಲ ಹೊಸ ಕರ್ನೆಲ್ಲಿನ ತಲೆಗೆ ಬಂದು, ನೀವು ಇಡೀ ರಾತ್ರಿ ತಪ್ಪು ಜಾಗದಲ್ಲಿ ಹುಡುಕುತ್ತೀರಿ. ಮೆನು ಬಂದಾಗ ಬಾಣದ ಕೀಲಿಗಳು ಅಲ್ಲಿ ಕೆಲಸ ಮಾಡುತ್ತವೆಯೇ ಎಂಬುದನ್ನೂ ನೋಡಿ. ವೈರ್‌ಲೆಸ್ ಕೀಬೋರ್ಡುಗಳು ಆ ಹಂತದಲ್ಲಿ ಸ್ಪಂದಿಸದೇ ಇರುವುದುಂಟು, ಹಾಗಾದರೆ ಹತ್ತಿರದಲ್ಲಿ ತಂತಿಯ ಕೀಬೋರ್ಡ್ ಒಂದನ್ನು ಇಟ್ಟುಕೊಳ್ಳಬೇಕು. ‘ಅಡ್ವಾನ್ಸ್ಡ್ ಆಪ್ಶನ್ಸ್’ ಒಳಗೆ ಹೋಗಿ ಈಗಿನ ಕರ್ನೆಲ್ಲಿನ ಹೆಸರು ನಿಮ್ಮ ಹಾಳೆಯಲ್ಲಿ ಬರೆದದ್ದಕ್ಕೆ ಹೊಂದುತ್ತದೆಯೇ ನೋಡಿ, ಅದನ್ನೇ ಆರಿಸಿ ಯಂತ್ರ ಎಬ್ಬಿಸಿ.

ಹಾಕುವುದು

‘ಸುಡೊ ಆ್ಯಪ್ಟ್ ಅಪ್‌ಡೇಟ್’, ಆನಂತರ ‘ಸುಡೊ ಆ್ಯಪ್ಟ್ ಫುಲ್-ಅಪ್‌ಗ್ರೇಡ್’. ಎರಡನೆಯದು ಏನೇನನ್ನು ಹಾಕುತ್ತೇನೆ, ಏನನ್ನು ತೆಗೆಯುತ್ತೇನೆ ಎಂದು ತೋರಿಸಿ ಒಪ್ಪಿಗೆ ಕೇಳುತ್ತದೆ. ತೆಗೆಯುವ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಕಂಡರೆ ಅಲ್ಲಿಯೇ ನಿಲ್ಲಿಸಿ. ಹಳೆಯ ಪುಸ್ತಕ ನೋಡಿ ‘ಆ್ಯಪ್ಟ್-ಗೆಟ್ ಅಪ್‌ಗ್ರೇಡ್’ ಕೊಡುವವರಿಗೆ ಕರ್ನೆಲ್ ಪ್ಯಾಕೇಜುಗಳನ್ನು ತಡೆಹಿಡಿಯಲಾಗಿದೆ ಎಂಬ ಸಂದೇಶ ಬರಬಹುದು. ಆ ಕಮಾಂಡ್ ಹೊಸ ಹೆಸರಿನ ಪ್ಯಾಕೇಜನ್ನು ಸೇರಿಸುವುದಿಲ್ಲ, ಪ್ರತಿ ಹೊಸ ಕರ್ನೆಲ್ಲೂ ಹೊಸ ಹೆಸರಿನ ಪ್ಯಾಕೇಜಾಗಿ ಬರುವುದರಿಂದ ಅದು ಹಾಗೆ ಉಳಿದುಬಿಡುತ್ತದೆ.

ಕರ್ನೆಲ್ಲನ್ನು ಮಾತ್ರ ಹಾಕಬೇಕೆಂದಿದ್ದರೆ ಡೆಬಿಯನ್‌ನಲ್ಲಿ ‘ಲಿನಕ್ಸ್-ಇಮೇಜ್-ಎಎಂಡಿ64’, ಉಬುಂಟುವಿನಲ್ಲಿ ‘ಲಿನಕ್ಸ್-ಜೆನೆರಿಕ್’ ಎಂಬ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿ. ಇವುಗಳೊಳಗೆ ಕರ್ನೆಲ್ ಇರುವುದಿಲ್ಲ, ಸದ್ಯದ ಕರ್ನೆಲ್ ಯಾವುದೆಂದು ಬೆರಳು ತೋರಿಸುವ ಖಾಲಿ ಪ್ಯಾಕೇಜುಗಳಿವು. ಹೊಸ ಯಂತ್ರಾಂಶಕ್ಕಾಗಿ ಇನ್ನೂ ಮುಂದಿನ ಸರಣಿ ಬೇಕಾದವರಿಗೆ ಉಬುಂಟು 24.04ರಲ್ಲಿ ‘ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04’ ಇದೆ, ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಭಂಡಾರ ಇದೆ. ಎಲ್ಲಿಯೋ ಸಿಕ್ಕ ಡೆಬ್ ಕಡತಕ್ಕಿಂತ ಇವೆರಡೂ ಎಷ್ಟೋ ಪಾಲು ಮೇಲು. ಪೆಂಟಿಯಂ ಕಾಲದ 32 ಬಿಟ್ ಯಂತ್ರ ಉಳಿಸಿಕೊಂಡಿರುವ ಶಾಲೆಗಳು ಒಂದು ಮಾತು ಗಮನಿಸಬೇಕು: ಡೆಬಿಯನ್ 13ರಲ್ಲಿ ಆ ಯಂತ್ರಗಳಿಗೆ ಕರ್ನೆಲ್ಲೇ ಇಲ್ಲ, 12ರಲ್ಲಿಯೇ ನಿಲ್ಲಬೇಕು.

ಪರದೆಯ ಮೇಲೆ ಸಾಲುಗಳು ಓಡುವಾಗ ಎದ್ದು ಚಹಾಕ್ಕೆ ಹೋಗಬೇಡಿ. ಇನಿಟ್‌ರಾಮ್‌ಎಫ್‌ಎಸ್ ತಯಾರಾಗುತ್ತಿದೆ ಎಂಬ ಸಾಲು, ಗ್ರಬ್ ಹೊಸ ಕರ್ನೆಲ್ಲನ್ನು ಕಂಡುಕೊಂಡಿತು ಎಂಬ ಸಾಲು, ಇವೆರಡೂ ಬರಬೇಕು. ಜಾಗ ಸಾಲದು ಎಂದೋ ಮಾಡ್ಯೂಲ್ ಕಟ್ಟುವಾಗ ತಪ್ಪಾಯಿತು ಎಂದೋ ಬಂದರೆ ರೀಸ್ಟಾರ್ಟ್ ಮಾಡದೆ ಅದನ್ನು ಮೊದಲು ಬಗೆಹರಿಸಿ. ಮುಗಿದ ಮೇಲೆ ‘ಎಲ್‌ಎಸ್ -ಎಲ್ /ಬೂಟ್’ ಕೊಟ್ಟು ನೋಡಿದರೆ ಹೊಸ ಆವೃತ್ತಿಯ ಹೆಸರಿನ ‘ವಿಎಂಲಿನಜ್’ ಹಾಗೂ ‘ಇನಿಟ್‌ಆರ್‌ಡಿ’ ಎರಡೂ ಜೋಡಿಯಾಗಿ ಇರಬೇಕು. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲದಿದ್ದರೆ ಆ ಕರ್ನೆಲ್ ಖಂಡಿತ ಏಳುವುದಿಲ್ಲ.

ಲ್ಯಾಬಿನಲ್ಲಿ ಒಂದೇ ಬಗೆಯ ಮೂವತ್ತು ಯಂತ್ರಗಳಿದ್ದರೆ ಒಂದರಲ್ಲಿ ಮಾಡಿ, ಒಂದು ವಾರ ತರಗತಿ ನಡೆಯಲಿ, ಬಳಿಕ ಉಳಿದವಕ್ಕೆ ಕೈ ಹಾಕಿ. ಎಲ್ಲ ಯಂತ್ರಗಳೂ ಒಂದೇ ಪ್ಯಾಕೇಜನ್ನು ಮತ್ತೆ ಮತ್ತೆ ಇಂಟರ್ನೆಟ್ಟಿನಿಂದ ಎಳೆಯುವುದನ್ನು ತಪ್ಪಿಸಲು ‘ಆ್ಯಪ್ಟ್-ಕ್ಯಾಶರ್-ಎನ್‌ಜಿ’ ಎಂಬ ತಂತ್ರಾಂಶವನ್ನು ಲ್ಯಾಬಿನ ಒಂದು ಯಂತ್ರದಲ್ಲಿ ಹಾಕಿಟ್ಟು, ಉಳಿದ ಯಂತ್ರಗಳ ಆ್ಯಪ್ಟ್‌ಗೆ ಅದನ್ನೇ ಪ್ರಾಕ್ಸಿಯಾಗಿ ತೋರಿಸಬೇಕು.

ಹೊರಗಿನ ಡ್ರೈವರುಗಳು ಮತ್ತು ಸೆಕ್ಯೂರ್ ಬೂಟ್

ಹೊಸ ಕರ್ನೆಲ್ ಬಂದ ಮೇಲೆ ವೈಫೈ ಮಾಯವಾಯಿತು, ಪರದೆ ಮಸುಕಾಯಿತು, ವರ್ಚುವಲ್‌ಬಾಕ್ಸ್ ತೆರೆಯುತ್ತಿಲ್ಲ ಎಂಬ ದೂರುಗಳ ಮೂಲ ಬಹುತೇಕ ಇಲ್ಲಿರುತ್ತದೆ. ಕರ್ನೆಲ್ಲಿನ ಜೊತೆಗೇ ಬರುವ ಡ್ರೈವರುಗಳು ಅದರೊಂದಿಗೆ ತಾವಾಗಿ ಹೊಸದಾಗುತ್ತವೆ. ಆದರೆ ಎನ್‌ವಿಡಿಯಾದ ಸ್ವಂತ ಡ್ರೈವರ್, ಕೆಲವು ರಿಯಲ್‌ಟೆಕ್ ಮತ್ತು ಬ್ರಾಡ್‌ಕಾಮ್ ವೈಫೈ ಡ್ರೈವರುಗಳು, ವರ್ಚುವಲ್‌ಬಾಕ್ಸ್ ಮಾಡ್ಯೂಲುಗಳು ಹೊರಗಿನವು. ಪ್ರತಿ ಹೊಸ ಕರ್ನೆಲ್ಲಿಗೂ ಅವನ್ನು ಹೊಸದಾಗಿ ಕಟ್ಟಬೇಕು, ಆ ಕೆಲಸವನ್ನು ಡಿಕೆಎಂಎಸ್ ಮಾಡುತ್ತದೆ. ಅದಕ್ಕೆ ಆಯಾ ಕರ್ನೆಲ್ಲಿನ ಹೆಡರ್ ಪ್ಯಾಕೇಜ್ ಬೇಕು. ಉಬುಂಟುವಿನ ‘ಲಿನಕ್ಸ್-ಜೆನೆರಿಕ್’ ಅದನ್ನು ಜೊತೆಗೇ ತರುತ್ತದೆ. ಡೆಬಿಯನ್‌ನಲ್ಲಿ ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಎಂಬುದನ್ನು ನೀವೇ ಹಾಕಿಕೊಂಡಿರಬೇಕು. ರೀಸ್ಟಾರ್ಟ್ ಮಾಡುವ ಮೊದಲು ‘ಡಿಕೆಎಂಎಸ್ ಸ್ಟೇಟಸ್’ ಮತ್ತೆ ಕೊಟ್ಟು, ಹೊಸ ಆವೃತ್ತಿಯ ಎದುರಿಗೂ ‘ಇನ್‌ಸ್ಟಾಲ್ಡ್’ ಎಂದಿದೆಯೇ ನೋಡಿ.

ಕೆಲವೊಮ್ಮೆ ಡ್ರೈವರ್ ಹಳತಾಗಿ ಹೊಸ ಕರ್ನೆಲ್ಲಿಗೆ ಕಟ್ಟಲು ಬರುವುದೇ ಇಲ್ಲ. ಎನ್‌ವಿಡಿಯಾದ 390 ಸರಣಿಯ ಡ್ರೈವರಿಗೆ 2022ರ ಕೊನೆಗೆ ಬೆಂಬಲ ಮುಗಿಯಿತು. ಹಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳಲ್ಲಿ ಅದನ್ನು ತೆಗೆದು ಕರ್ನೆಲ್ಲಿನದೇ ಆದ ನುವೊ ಡ್ರೈವರಿಗೆ ಬರುವುದು ಮುಂದಿನ ಪ್ರತಿ ಅಪ್‌ಗ್ರೇಡಿನಲ್ಲಿ ಹೋರಾಡುವುದಕ್ಕಿಂತ ಲೇಸು. ಟ್ಯಾಲಿ ನೋಡಲು, ಪುಟ ವಿನ್ಯಾಸ ಮಾಡಲು ಅಷ್ಟು ಸಾಕು.

ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಇನ್ನೊಂದು ಬಾಗಿಲಿದೆ. ಡಿಕೆಎಂಎಸ್ ಕಟ್ಟಿದ ಮಾಡ್ಯೂಲಿಗೆ ನಿಮ್ಮ ಯಂತ್ರದ ಸ್ವಂತ ಕೀಲಿಯ ಸಹಿ ಬೇಕು, ಆ ಕೀಲಿಯನ್ನು ಯಂತ್ರ ಒಪ್ಪಿಕೊಂಡಿರಬೇಕು. ಮೊದಲ ಸಲ ಇಂಥ ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದು, ಕೆಲವೇ ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಹೆದರಿ ‘ಕಂಟಿನ್ಯೂ’ ಒತ್ತಿಬಿಡುತ್ತಾರೆ. ಯಂತ್ರ ಏಳುತ್ತದೆ, ವೈಫೈ ಏಳುವುದಿಲ್ಲ. ಹಾಗಾದರೆ ‘ಸುಡೊ ಮಾಕ್‌ಯುಟಿಲ್ --ಇಂಪೋರ್ಟ್’ ಬಳಸಿ ಕೀಲಿಯನ್ನು ಮತ್ತೊಮ್ಮೆ ಸಲ್ಲಿಸಿ, ಈ ಸಲ ನೀವೇ ಎದುರಿಗೆ ಕುಳಿತು ರೀಸ್ಟಾರ್ಟ್ ಮಾಡಿ. ಉಬುಂಟುವಿನಲ್ಲಿ ಆ ಕೀಲಿ ‘/ವಾರ್/ಲಿಬ್/ಶಿಮ್-ಸೈನ್ಡ್/ಮಾಕ್’ ಫೋಲ್ಡರಿನಲ್ಲಿ ಇರುತ್ತದೆ.

ಎದ್ದ ಮೇಲೆ ನೋಡಬೇಕಾದದ್ದು

ಡೆಸ್ಕ್‌ಟಾಪ್ ಕಂಡಿತೆಂದು ಮುಗಿಯಲಿಲ್ಲ. ‘ಯುನೇಮ್ -ಆರ್’ ಹೊಸ ಹೆಸರನ್ನೇ ತೋರಿಸುತ್ತದೆಯೇ ನೋಡಿ. ‘ಸಿಸ್ಟಂಸಿಟಿಎಲ್ --ಫೇಲ್ಡ್’ ಏಳದೆ ಉಳಿದ ಸೇವೆಗಳನ್ನು ತೋರಿಸುತ್ತದೆ. ‘ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ -ಪಿ ಇಆರ್‌ಆರ್’ ಕರ್ನೆಲ್ಲಿನ ದೋಷ ಸಂದೇಶಗಳನ್ನಷ್ಟೇ ಸೋಸಿ ಕೊಡುತ್ತದೆ. ಇಲ್ಲಿ ಕೆಂಪು ಸಾಲು ಕಂಡೊಡನೆ ಗಾಬರಿ ಬೇಡ. ಅವುಗಳಲ್ಲಿ ಕೆಲವು ಹಳೆಯ ಕರ್ನೆಲ್ಲಿನಲ್ಲೂ ಇದ್ದಿರುತ್ತವೆ, ‘-ಬಿ’ ಬಳಿಕ ‘-1’ ಸೇರಿಸಿದರೆ ಹಿಂದಿನ ಸಲದ ಸಂದೇಶಗಳು ಬರುತ್ತವೆ, ಎರಡನ್ನೂ ಹೋಲಿಸಿ ಹೊಸತಾಗಿ ಬಂದವನ್ನು ಮಾತ್ರ ವಿಚಾರಿಸಿ. ಇದಾದ ಮೇಲೆ ಆ ಯಂತ್ರ ದಿನನಿತ್ಯ ಮಾಡುವ ಕೆಲಸವನ್ನೇ ಒಮ್ಮೆ ಮಾಡಿಸಿ: ಅಂಗಡಿಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಒಂದು ಪಟ್ಟಿ ತೆಗೆಯಿರಿ, ಮುದ್ರಣಾಲಯದಲ್ಲಿ ಪ್ಲೇಟ್ ಕಳಿಸುವ ಯಂತ್ರದ ಜೊತೆ ಮಾತಾಡುತ್ತದೆಯೇ ನೋಡಿ, ಲ್ಯಾಪ್‌ಟಾಪನ್ನು ಮುಚ್ಚಿ ತೆರೆಯಿರಿ. ಮುಚ್ಚಿ ತೆರೆದಾಗ ಏಳದಿರುವುದು ಹೊಸ ಕರ್ನೆಲ್ಲುಗಳ ಹಳೆಯ ಚಾಳಿ.

ಏಳದಿದ್ದರೆ

ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಆಮೇಲೆ ರೀಸ್ಟಾರ್ಟ್ ಮಾಡಿ ಮೆನುವಿನ ‘ಅಡ್ವಾನ್ಸ್ಡ್ ಆಪ್ಶನ್ಸ್’ನಿಂದ ಹಾಳೆಯಲ್ಲಿ ಬರೆದಿಟ್ಟ ಹಳೆಯ ಕರ್ನೆಲ್ಲನ್ನು ಆರಿಸಿ. ಅಂಗಡಿ ಮತ್ತೆ ನಡೆಯಲಾರಂಭಿಸುತ್ತದೆ, ಇನ್ನು ನಿಧಾನವಾಗಿ ಕಾರಣ ಹುಡುಕಬಹುದು.

ಫೋಟೊದಲ್ಲಿ ಕರ್ನೆಲ್ ಪ್ಯಾನಿಕ್ (ಕರ್ನೆಲ್ ಮುಂದುವರಿಯಲಾರದೆ ಕೈ ಚೆಲ್ಲಿದ ಸ್ಥಿತಿ) ಎಂಬುದರ ಜೊತೆಗೆ ವಿಎಫ್‌ಎಸ್, ರೂಟ್ ಎಫ್‌ಎಸ್ ಮೌಂಟ್ ಮಾಡಲಾಗಲಿಲ್ಲ, ಅನ್‌ನೋನ್ ಬ್ಲಾಕ್ 0,0 ಎಂಬ ಪದಗಳಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲ ಅಥವಾ ಅರ್ಧವಾಗಿದೆ ಎಂದು ತಿಳಿಯಿರಿ. ‘/ಬೂಟ್’ನಲ್ಲಿ ಜಾಗವಿದೆಯೇ ನೋಡಿ, ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಎಂದು ಬರೆದು ಮುಂದೆ ಹೊಸ ಕರ್ನೆಲ್ಲಿನ ಪೂರ್ಣ ಹೆಸರು ಕೊಡಿ. ಕಡತ ಈಗಾಗಲೇ ಇದೆ ಎಂದು ಅದು ತಕರಾರು ಮಾಡಿದರೆ ‘-ಸಿ’ ಬದಲು ‘-ಯು’ ಬಳಸಿ. ಆಮೇಲೆ ‘ಸುಡೊ ಅಪ್‌ಡೇಟ್-ಗ್ರಬ್’. ಇನಿಟ್‌ರಾಮ್‌ಎಫ್‌ಎಸ್ ಎಂಬ ಹೆಸರಿನದೇ ಪುಟ್ಟ ಪ್ರಾಂಪ್ಟ್ ಬಂದು ನಿಂತರೆ ಕರ್ನೆಲ್ ಎದ್ದಿದೆ, ಅದಕ್ಕೆ ಡಿಸ್ಕ್ ಸಿಕ್ಕಿಲ್ಲ, ಅಥವಾ ಸಿಕ್ಕ ಡಿಸ್ಕಿಗೆ ‘ಎಫ್‌ಎಸ್‌ಸಿಕೆ’ಯ ದುರಸ್ತಿ ಬೇಕಾಗಿದೆ. ಪರದೆ ಪೂರ್ತಿ ಕಪ್ಪಾಗಿದ್ದರೆ ಮೆನುವಿನಲ್ಲಿ ಹೊಸ ಕರ್ನೆಲ್ಲಿನ ಮೇಲೆ ನಿಂತು ‘ಇ’ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೊಮೋಡ್‌ಸೆಟ್’ ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಆಗ ಎದ್ದರೆ ತೊಂದರೆ ಗ್ರಾಫಿಕ್ಸ್ ಡ್ರೈವರಿನದು.

ಹೊಸದು ಒಗ್ಗಲೇ ಇಲ್ಲವೆಂದಾದರೆ ಹಳೆಯದರಲ್ಲಿ ಇದ್ದುಕೊಂಡು, ಹೊಸ ಆವೃತ್ತಿಯ ಹೆಸರಿರುವ ‘ಲಿನಕ್ಸ್-ಇಮೇಜ್’ ಪ್ಯಾಕೇಜನ್ನು ‘ಆ್ಯಪ್ಟ್ ರಿಮೂವ್’ ಮಾಡಿ. ಅದು ಮತ್ತೆ ಬಾರದಂತೆ ‘ಆ್ಯಪ್ಟ್-ಮಾರ್ಕ್ ಹೋಲ್ಡ್’ ಎಂದು ಆ ಬೆರಳು ತೋರಿಸುವ ಪ್ಯಾಕೇಜನ್ನು ಹಿಡಿದು ನಿಲ್ಲಿಸಬಹುದು. ಹಾಗೆ ನಿಲ್ಲಿಸಿದ ದಿನಾಂಕವನ್ನು ಯಂತ್ರದ ಮೇಲೆ ಚೀಟಿ ಅಂಟಿಸಿ ಬರೆಯಿರಿ. ‘ಅನ್‌ಹೋಲ್ಡ್’ ಮಾಡಲು ಮರೆತ ಯಂತ್ರಕ್ಕೆ ಕರ್ನೆಲ್ಲಿನ ಭದ್ರತಾ ತಿದ್ದುಪಡಿಗಳೂ ಬರುವುದಿಲ್ಲ.

ದೂರದ ಯಂತ್ರಕ್ಕೆ

ಹುಬ್ಬಳ್ಳಿಯಲ್ಲಿ ಕುಳಿತು ಬ್ಯಾಡಗಿಯ ಯಂತ್ರವನ್ನು ಎಸ್‌ಎಸ್‌ಎಚ್ ಮೂಲಕ ನೋಡಿಕೊಳ್ಳುವಾಗ ಗ್ರಬ್ ಮೆನು ನಿಮಗೆ ಕಾಣುವುದಿಲ್ಲ. ಇದಕ್ಕೆ ಗ್ರಬ್‌ನಲ್ಲಿಯೇ ಒಂದು ಸೊಗಸಾದ ಉಪಾಯವಿದೆ: ಹೊಸ ಕರ್ನೆಲ್ಲನ್ನು ಒಂದೇ ಒಂದು ಸಲಕ್ಕೆ ಎಬ್ಬಿಸಿ, ಕಾಯಂ ಆಯ್ಕೆಯಾಗಿ ಹಳೆಯದನ್ನೇ ಇಟ್ಟುಕೊಳ್ಳುವುದು.

ಮೊದಲು ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತದಲ್ಲಿ ದೊಡ್ಡ ಅಕ್ಷರಗಳಲ್ಲಿರುವ ‘ಗ್ರಬ್_ಡಿಫಾಲ್ಟ್’ ಬೆಲೆಯನ್ನು ‘ಸೇವ್ಡ್’ ಎಂದು ಮಾಡಿ. ದೊಡ್ಡ ಅಕ್ಷರಗಳದೇ ಆದ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್’ ಸಾಲಿನ ಉದ್ಧರಣ ಚಿಹ್ನೆಯೊಳಗೆ ‘ಪ್ಯಾನಿಕ್=10’ ಸೇರಿಸಿ, ಇದರಿಂದ ಕರ್ನೆಲ್ ಪ್ಯಾನಿಕ್ ಆದ ಹತ್ತು ಸೆಕೆಂಡಿಗೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಹೊಸ ಕರ್ನೆಲ್ ಹಾಕಿ, ‘ಅಪ್‌ಡೇಟ್-ಗ್ರಬ್’ ಮುಗಿದ ಮೇಲೆ, ‘ಗ್ರಬ್-ಸೆಟ್-ಡಿಫಾಲ್ಟ್’ನಿಂದ ಹಳೆಯದನ್ನು ಕಾಯಂ ಮಾಡಿ, ‘ಗ್ರಬ್-ರೀಬೂಟ್’ನಿಂದ ಹೊಸದನ್ನು ಮುಂದಿನ ಒಂದು ಸಲಕ್ಕೆ ಗೊತ್ತು ಮಾಡಿ. ಮೆನುವಿನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ಸಾಮಾನ್ಯ ಯಂತ್ರದಲ್ಲಿ ‘1>0’ ಎಂದರೆ ಒಳಮೆನುವಿನ ಮೊದಲ ಸಾಲು, ಅಂದರೆ ಹೊಸ ಕರ್ನೆಲ್. ನಡುವೆ ರಿಕವರಿ ಸಾಲು ಇರುವುದರಿಂದ ‘1>2’ ಎಂದರೆ ಅದಕ್ಕಿಂತ ಹಿಂದಿನದು. ಉದ್ಧರಣ ಚಿಹ್ನೆ ಬಿಡಬೇಡಿ, ಬಿಟ್ಟರೆ ಶೆಲ್ ಆ ಬಾಣವನ್ನು ಕಡತಕ್ಕೆ ಬರೆಯುವ ಸೂಚನೆ ಎಂದುಕೊಳ್ಳುತ್ತದೆ. ಹೊಸ ಕರ್ನೆಲ್ ಸೇರಿದಾಗಲೆಲ್ಲ ಈ ಎಣಿಕೆ ಸರಿಯುವುದರಿಂದ, ‘/ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ’ ಕಡತದಲ್ಲಿ ಸಾಲುಗಳ ಅನುಕ್ರಮವನ್ನು ಕಣ್ಣಾರೆ ನೋಡಿ ಕೊಡಿ, ‘ಗ್ರಬ್-ಎಡಿಟ್‌ಎನ್ವ್ ಲಿಸ್ಟ್’ನಿಂದ ಎರಡೂ ಆಯ್ಕೆ ದಾಖಲಾದವೇ ಖಚಿತಪಡಿಸಿಕೊಳ್ಳಿ.

ಈಗ ರೀಸ್ಟಾರ್ಟ್ ಮಾಡಿದರೆ ಹೊಸದು ಎದ್ದಿತೆಂದರೆ ನೀವು ಮತ್ತೆ ಒಳಹೊಗುತ್ತೀರಿ, ಎಲ್ಲ ನೋಡಿ ಹೊಸದನ್ನೇ ಕಾಯಂ ಮಾಡುತ್ತೀರಿ. ಪ್ಯಾನಿಕ್ ಆದರೆ ಯಂತ್ರ ತಾನೇ ಹಳೆಯದಕ್ಕೆ ಮರಳುತ್ತದೆ. ಪ್ಯಾನಿಕ್ಕೂ ಆಗದೆ ಸುಮ್ಮನೆ ನಿಂತುಬಿಟ್ಟರೆ ಅಂಗಡಿಯವರಿಗೆ ಫೋನ್ ಮಾಡಿ ಬಟನ್ ಒತ್ತಿ ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಲು ಹೇಳಿದರಾಯಿತು, ಮೆನು, ಕೀಬೋರ್ಡ್ ಯಾವುದರ ಗೊಡವೆಯೂ ಅವರಿಗಿಲ್ಲ. ಎರಡು ಮಿತಿಗಳಿವೆ. ‘/ಬೂಟ್’ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೈಡ್ (ಡಿಸ್ಕುಗಳನ್ನು ಒಗ್ಗೂಡಿಸಿ ಬಳಸುವ ಏರ್ಪಾಡುಗಳು) ಮೇಲೆ ಇದ್ದರೆ ಗ್ರಬ್ ಅಲ್ಲಿಗೆ ಬರೆಯಲಾರದು, ಆದ್ದರಿಂದ ಒಂದು ಸಲದ ಆಯ್ಕೆಯನ್ನು ಅಳಿಸಲಾಗದೆ ಈ ಉಪಾಯ ಕೈಕೊಡುತ್ತದೆ. ಸೆಕ್ಯೂರ್ ಬೂಟಿನ ನೀಲಿ ಪರದೆ ಬರುವ ಸಂಭವ ಇದ್ದರೆ ದೂರದಿಂದ ಮಾಡುವುದೇ ಬೇಡ, ರೈಲು ಹತ್ತಿ ಹೋಗಿ.

ಸ್ವತಃ ಕಂಪೈಲ್ ಮಾಡುವವರಿಗೆ, ಬಿಎಸ್‌ಡಿಯವರಿಗೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೂಲ ಸಂಕೇತದಿಂದ ಕರ್ನೆಲ್ ಕಟ್ಟುವ ಉತ್ಸಾಹ ಇರುತ್ತದೆ, ಕಲಿಕೆಗಾಗಿ ಅದು ಒಳ್ಳೆಯದು, ಅಂಗಡಿಯ ಯಂತ್ರದಲ್ಲಿ ಬೇಡ. ಕರ್ನೆಲ್.ಆರ್ಗ್‌ನಿಂದ ಕಡತ ಇಳಿಸಿ ಸಹಿ ಪರೀಕ್ಷಿಸುವಾಗ, ಸಹಿ ಇರುವುದು ಬಿಚ್ಚಿದ ಟಾರ್ ಕಡತಕ್ಕೆ ಎಂಬುದು ನೆನಪಿರಲಿ. ಓಡುತ್ತಿರುವ ಕರ್ನೆಲ್ಲಿನ ‘ಕಾನ್ಫಿಗ್’ ಕಡತವನ್ನು ‘/ಬೂಟ್’ನಿಂದ ತಂದು ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಮಾಡಿ, ‘ಮೇಕ್ ಬಿನ್‌ಡೆಬ್-ಪಿಕೆಜಿ’ಯಿಂದ ಡೆಬ್ ಪ್ಯಾಕೇಜಾಗಿಯೇ ಕಟ್ಟಿ, ಆಗ ತೆಗೆದುಹಾಕುವುದೂ ಸುಲಭ. ಪ್ರಮಾಣಪತ್ರದ ಕಡತ ಸಿಗಲಿಲ್ಲವೆಂದು ಕೆಲಸ ನಿಂತರೆ ದೊಡ್ಡ ಅಕ್ಷರಗಳಲ್ಲಿರುವ ‘ಸಿಸ್ಟಂ_ಟ್ರಸ್ಟೆಡ್_ಕೀಸ್’ ಎಂಬುದನ್ನು ಖಾಲಿ ಮಾಡಬೇಕು. ಸಮಯ ಉಳಿಸಲು ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸುವವರು ಪ್ರಿಂಟರ್, ಪೆನ್ ಡ್ರೈವ್ ಎಲ್ಲ ಚುಚ್ಚಿಟ್ಟು ಅದನ್ನು ಓಡಿಸಿ, ಏಕೆಂದರೆ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ.

ಲಿನಕ್ಸಿನಂತೆಯೇ ಯುನಿಕ್ಸ್ ಬಗೆಯ ಬೇರೆ ವ್ಯವಸ್ಥೆಗಳಾದ ಬಿಎಸ್‌ಡಿಗಳಲ್ಲಿ ಕರ್ನೆಲ್ಲೂ ಮೂಲ ವ್ಯವಸ್ಥೆಯೂ ಒಟ್ಟಿಗೆ ಬರುತ್ತವೆ. ಫ್ರೀಬಿಎಸ್‌ಡಿಯಲ್ಲಿ ‘ಫ್ರೀಬಿಎಸ್‌ಡಿ-ಅಪ್‌ಡೇಟ್ ಫೆಚ್’, ಬಳಿಕ ‘ಇನ್‌ಸ್ಟಾಲ್’. ಹಳೆಯ ಕರ್ನೆಲ್ ‘/ಬೂಟ್/ಕರ್ನೆಲ್.ಓಲ್ಡ್’ ಎಂದು ಉಳಿಯುತ್ತದೆ, ‘ರೋಲ್‌ಬ್ಯಾಕ್’ ಎಂಬ ಉಪಕಮಾಂಡ್ ಸಹ ಇದೆ. ಓಪನ್‌ಬಿಎಸ್‌ಡಿಯಲ್ಲಿ ತಿದ್ದುಪಡಿಗೆ ‘ಸಿಸ್‌ಪ್ಯಾಚ್’, ಆರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಗೆ ‘ಸಿಸ್‌ಅಪ್‌ಗ್ರೇಡ್’.

ಹಳೆಯದನ್ನು ತೆಗೆಯುವುದು

ಹೊಸ ಕರ್ನೆಲ್ ಕನಿಷ್ಠ ಒಂದು ವಾರ, ದಿನದ ಎಲ್ಲ ಬಗೆಯ ಕೆಲಸವನ್ನೂ ಕಂಡ ಮೇಲೆ ‘ಆ್ಯಪ್ಟ್ ಆಟೊರಿಮೂವ್’ ಕೊಡಿ. ಮೂರು ನಾಲ್ಕು ಹಿಂದಿನವು ಹೋದರೂ ಒಂದು ಹಿಂದಿನದು ಸಾಮಾನ್ಯವಾಗಿ ಉಳಿಯುತ್ತದೆ, ಉಳಿಯಲೇಬೇಕು. ಪಟ್ಟಿಯಲ್ಲಿ ಅದೂ ಹೋಗುವ ಹಾಗೆ ಕಂಡರೆ ‘ಆ್ಯಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಬರೆದು ಆ ಆವೃತ್ತಿಯ ಪ್ಯಾಕೇಜ್ ಹೆಸರು ಕೊಟ್ಟರೆ ಅದನ್ನು ಬಿಟ್ಟುಬಿಡುತ್ತದೆ. ಆಮೇಲೆ ‘ಡಿಎಫ್ -ಎಚ್ /ಬೂಟ್’ ಮತ್ತೊಮ್ಮೆ ನೋಡಿ, ಹಾಳೆಯಲ್ಲಿ ಹಳೆಯ ಹೆಸರಿನ ಕೆಳಗೆ ಹೊಸ ಕರ್ನೆಲ್ಲಿನ ಹೆಸರನ್ನೂ ದಿನಾಂಕವನ್ನೂ ಬರೆದು ಸಿಪಿಯು ಪೆಟ್ಟಿಗೆಗೆ ಅಂಟಿಸಿ.